ನಾಲ್ಕು ಕ್ಲಾರಿನೆಟ್‌ಗೆ ಜಾಝ್ ಶೀಟ್ ಆರಿಸುವಾಗ ಕೆಳಗಿನ ಸಾಲಿನಿಂದ ಓದಿ

ಪ್ರಶ್ನೆ: ಮಂಗಳೂರಿನಲ್ಲಿ ನಾವು ನಾಲ್ವರು ಸೇರಿ ಕ್ಲಾರಿನೆಟ್ ನುಡಿಸುತ್ತೇವೆ. ಇಬ್ಬರು ಲಂಡನ್ನಿನ ಟ್ರಿನಿಟಿ ಸಂಗೀತ ಪರೀಕ್ಷೆಯ ಐದನೇ ಗ್ರೇಡ್ ಮುಗಿಸಿದವರು. ಮೂರನೆಯವರು ಹಿರಿಯರು, ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ಊದಿದವರು. ಅವರದು ಆಲ್ಬರ್ಟ್ ಪದ್ಧತಿಯ, ಅಂದರೆ ಕೀಗಳ ಹಳೆಯ ಜೋಡಣೆಯ ವಾದ್ಯ. ನಾಲ್ಕನೆಯವರು ಕರ್ನಾಟಕ ಸಂಗೀತ ಕಲಿತವರು, ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ನಿಧಾನವಾಗಿ ಓದುತ್ತಾರೆ. ಡಿಸೆಂಬರ್ ಕೊನೆಗೆ ನಮ್ಮ ಚರ್ಚಿನ ಸಭಾಂಗಣದಲ್ಲಿ ಇಪ್ಪತ್ತು ನಿಮಿಷದ ಕಾರ್ಯಕ್ರಮವಿದೆ. ಜಾಝ್ ಛಾಯೆಯ ಸಂಗೀತ ನುಡಿಸುವ ಆಸೆಯಿಂದ ಅಂತರ್ಜಾಲದಲ್ಲಿ ಶೀಟ್‌ಗಳ ಒಂದು ಕಟ್ಟು ಕೊಂಡೆವು. ನುಡಿಸಿದರೆ ಅದು ಆರಾಧನೆಯ ಗೀತೆಯ ಹಾಗೆ ಕೇಳಿಸುತ್ತದೆ. ಮೇಲಾಗಿ ನಾಲ್ಕನೆಯವರು ‘ಉದ್ದದ ಸ್ವರ ಎಳೆಯುವುದು ಬಿಟ್ಟರೆ ನನಗೆ ಕೆಲಸವೇ ಇಲ್ಲ’ ಎಂದು ಬೇಸರಿಸಿದ್ದಾರೆ. ತಗ್ಗು ದನಿಯ ಬೇಸ್ ಕ್ಲಾರಿನೆಟ್ ನಮ್ಮಲ್ಲಿಲ್ಲ. ಏನು ನೋಡಿ ಆರಿಸಬೇಕು? ಬೇಸ್ ಕ್ಲಾರಿನೆಟ್ ಕೊಳ್ಳಲೇಬೇಕೆ?
(ಬಿಜೈಯ ಓದುಗರೊಬ್ಬರು)

ಉತ್ತರ: ನೀವು ಕೊಂಡ ಕಟ್ಟಿಗೆ ಸರಿಯಾದ ವಿಮರ್ಶೆ ಬರೆದವರು ನಿಮ್ಮ ನಾಲ್ಕನೆಯವರೇ. ಅವರ ಬೇಸರ ಮತ್ತು ನಿಮ್ಮ ‘ಆರಾಧನೆಯ ಗೀತೆಯ ಹಾಗೆ’ ಎಂಬ ದೂರು ಬೇರೆ ಬೇರೆಯಲ್ಲ, ಎರಡೂ ಒಂದೇ ಕಾಯಿಲೆಯ ಲಕ್ಷಣ.

ಜಾಝ್ ತಂಡದಲ್ಲಿ ತಾಳ ಹಿಡಿಯಲು ಡ್ರಮ್ ಇರುತ್ತದೆ, ನಡೆ ಕೊಡಲು ಡಬಲ್ ಬೇಸ್ ಇರುತ್ತದೆ, ಎರಡರ ನಡುವೆ ಪಿಯಾನೊ ಅಥವಾ ಗಿಟಾರ್ ಇರುತ್ತದೆ. ಊದುವವರು ಆ ಹಾಸಿಗೆಯ ಮೇಲೆ ಒರಗಿದರೂ ನಡೆಯುತ್ತದೆ. ಕ್ಲಾರಿನೆಟ್ ಚತುಷ್ಟಯದಲ್ಲಿ ಆ ಹಾಸಿಗೆ ಇಲ್ಲ. ಚೆಂಡೆ ಮದ್ದಳೆ ಇಲ್ಲದೆ ಯಕ್ಷಗಾನದ ಕುಣಿತ ಮಾಡಿ ಎಂದ ಹಾಗೆ. ಹಾಗಾಗಿ ಅಳವಡಿಸಿದವರು ಡ್ರಮ್ಮನ್ನು ಸ್ವರಗಳ ಒಳಗೇ ಅಡಗಿಸಿ ಬರೆದಿರಬೇಕು, ಅದು ಮುಖ್ಯವಾಗಿ ಅಡಗುವುದು ಕೆಳಗಿನ ಎರಡು ಸಾಲುಗಳಲ್ಲಿ. ನಾಲ್ಕನೆಯವರಿಗೆ ಬಾರ್‌ಗೊಂದು (ನಾಲ್ಕು ಎಣಿಕೆಯ ಒಂದೊಂದು ಸುತ್ತಿಗೊಂದು) ಉದ್ದದ ಸೆಮಿಬ್ರೀವ್ ಸ್ವರ ಕೊಟ್ಟು ಕೂರಿಸಿದ್ದರೆ, ಮೇಲಿನವರು ಎಷ್ಟೇ ಕುಣಿದರೂ ಕೇಳುವವರ ಕಾಲು ಅಲುಗುವುದಿಲ್ಲ. ನಾಲ್ಕು ದನಿಯ ಹಾಡಿಕೆ ಈ ಊರಿಗೆ ಹೊಸದಲ್ಲ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂದದ್ದು; ಚರ್ಚ್ ಗೀತೆಗಳಲ್ಲಿ ಮೇಲೊಂದು ದನಿ ಹಾಡು ಹೇಳಿ, ಕೆಳಗಿನ ಮೂರು ದನಿಗಳು ಮಾತು ಮಾತಿಗೂ ಅದರೊಂದಿಗೇ ಹೆಜ್ಜೆ ಹಾಕುವ ಧಾಟಿ ನಮ್ಮ ಕಿವಿಗೆ ಚಿರಪರಿಚಿತ. ಆ ಧಾಟಿಗೆ ಅಲ್ಲಲ್ಲಿ ಜಾಝ್ ಛಾಯೆಯ ಏಳನೇ ಸ್ವರ ಸೇರಿಸಿ ಮುಖಪುಟದಲ್ಲಿ ‘ಜಾಝ್’ ಎಂದು ಅಚ್ಚು ಹಾಕಿದ ಸರಕು ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ನಿಮಗೆ ಸಿಕ್ಕಿದ್ದು ಅದೇ.

ಆದ್ದರಿಂದ ನನ್ನ ಅಭ್ಯಾಸ ಇದು: ಯಾವ ಹೊಸ ಸ್ಕೋರ್ (ನಾಲ್ವರ ಸಾಲುಗಳೂ ಒಟ್ಟಿಗಿರುವ ಹಾಳೆ) ಕೈಗೆ ಬಂದರೂ ಮೇಲಿನ ಮೂರು ಸಾಲುಗಳನ್ನು ಅಂಗೈಯಿಂದ ಮುಚ್ಚಿ, ಕೆಳಗಿನ ಸಾಲನ್ನಷ್ಟೇ ಹದಿನಾರು ಬಾರ್ ಬಾಯಲ್ಲಿ ಹಾಡಿಕೊಳ್ಳುತ್ತೇನೆ. ಅಷ್ಟರಲ್ಲಿ ಕಾಲು ತಾನಾಗಿ ತಾಳ ಹಾಕಿದರೆ ಕೈ ತೆಗೆದು ಉಳಿದದ್ದನ್ನು ನೋಡುತ್ತೇನೆ, ಹಾಕದಿದ್ದರೆ ಅಲ್ಲಿಗೇ ಬಿಡುತ್ತೇನೆ. ಮಾದರಿ ಧ್ವನಿಮುದ್ರಿಕೆಯನ್ನು ಕೇಳಿ ನಿರ್ಧರಿಸಬೇಡಿ. ಕೆಲವಕ್ಕೆ ಹಿಂದಿನಿಂದ ಡ್ರಮ್ ಸೇರಿಸಿರುತ್ತಾರೆ. ಕಟ್ಟಿನೊಂದಿಗೆ ಆ ಡ್ರಮ್ಮರ್ ನಿಮ್ಮ ಮನೆಗೆ ಬರುವುದಿಲ್ಲ.

ಈ ಅಭ್ಯಾಸ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ. ಬಹಳ ಹಿಂದೆ ನಾವೂ ನಾಲ್ವರು ಕದ್ರಿಯ ಒಂದು ಹಂಚಿನ ಮನೆಯಲ್ಲಿ ಸೇರುತ್ತಿದ್ದೆವು. ಬಣ್ಣದ ಮುಖಪುಟದ ಒಂದು ಕಟ್ಟು ವಿದೇಶದಿಂದ ತರಿಸಿದ್ದೆ. ಜುಲೈ ತಿಂಗಳ ಮಳೆ, ಹಂಚಿನ ಮೇಲಿನ ಸದ್ದಿಗೆ ನಮಗೆ ನಮ್ಮದೇ ದನಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮೂರನೆಯ ತುಣುಕಿನ ನಡುವೆ ತಲೆ ಎತ್ತಿ ನೋಡಿದರೆ ನಾಲ್ಕನೆಯವರು ಎಡಗೈಯಲ್ಲಿ ಚಹಾದ ಲೋಟ ಹಿಡಿದಿದ್ದಾರೆ, ವಾದ್ಯವನ್ನೂ ಊದುತ್ತಿದ್ದಾರೆ! ಕ್ಲಾರಿನೆಟ್‌ನಲ್ಲಿ ಬರೆದ ‘ಜಿ’ ಸ್ವರಕ್ಕೆ ಒಂದು ರಂಧ್ರವನ್ನೂ ಮುಚ್ಚಬೇಕಿಲ್ಲ, ವಾದ್ಯದ ಭಾರವನ್ನು ಬಲಗೈ ಹೆಬ್ಬೆರಳು ಹೊರುತ್ತದೆ. ಅವರ ಪಾರ್ಟ್‌ನಲ್ಲಿ ಸಾಲಾಗಿ ಎಂಟು ಬಾರ್ ಅದೇ ಜಿ. ಎರಡು ಬಾರ್‌ಗೊಮ್ಮೆ ಉಸಿರು ತೆಗೆದುಕೊಳ್ಳುವ ನೆಪದಲ್ಲಿ ಒಂದು ಗುಟುಕು ಚಹಾ. ನನಗೆ ಕೋಪ ಬಂತು, ಆಮೇಲೆ ಆ ಪಾರ್ಟ್ ನೋಡಿದಾಗ ನಾಚಿಕೆಯಾಯಿತು. ಆ ಕಟ್ಟನ್ನು ಆರಿಸಿದ್ದು ನಾನು. ಆರಿಸುವಾಗ ನಾನು ಓದಿದ್ದು ನನ್ನ ಪಾರ್ಟನ್ನು, ಅಂದರೆ ಮೊದಲನೆಯದನ್ನು ಮಾತ್ರ.

ಹಾಗಾದರೆ ಒಳ್ಳೆಯ ಕೆಳಸಾಲು ಹೇಗಿರುತ್ತದೆ? ಸ್ವಿಂಗ್ (ಉದ್ದ-ಗಿಡ್ಡವಾಗಿ ತೂಗುವ ಜಾಝ್ ನಡೆ) ತುಣುಕಿನಲ್ಲಾದರೆ ಕ್ರಾಚೆಟ್‌ಗಳು (ಒಂದೊಂದು ಎಣಿಕೆಯ ಸ್ವರಗಳು) ಬಾರ್‌ಗೆ ನಾಲ್ಕರಂತೆ ಹೆಜ್ಜೆ ಹಾಕುತ್ತಾ ಹೋಗುತ್ತವೆ, ಒಂದು ಕಾರ್ಡಿನಿಂದ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಮುಂದಿನದಕ್ಕೆ ಮೆಟ್ಟಿಲು ಇಳಿದ ಹಾಗೆ ಅಥವಾ ಹತ್ತಿದ ಹಾಗೆ. ಇದನ್ನೇ ವಾಕಿಂಗ್ ಬೇಸ್ ಎನ್ನುವುದು. ಹಾಗೆ ನಡೆಯುವ ಸಾಲಿನಲ್ಲಿ ಉಸಿರಿಗೆ ಜಾಗವಿದೆಯೇ ನೋಡಿ. ಡಬಲ್ ಬೇಸ್ ನುಡಿಸುವವರಿಗೆ ಆ ಚಿಂತೆ ಇಲ್ಲ, ಊದುವವರಿಗೆ ಇದೆ. ಬಲ್ಲವರು ನಾಲ್ಕು ಬಾರ್‌ಗೊಮ್ಮೆ ಒಂದು ಸ್ವರ ಕಳಚಿ ಅಲ್ಲೊಂದು ವಿರಾಮ ಇಟ್ಟಿರುತ್ತಾರೆ. ಪಿಯಾನೊದ ಎಡಗೈಯನ್ನು ಹಾಗೆಯೇ ನಕಲು ಮಾಡಿದವರು ಇಟ್ಟಿರುವುದಿಲ್ಲ. ಒಬ್ಬರಿಗೇ ಮೂರು ನಿಮಿಷ ಈ ದುಡಿಮೆ ಹೊರಿಸದೆ ನಡುವೆ ಎಲ್ಲಾದರೂ ಮೂರನೆಯವರಿಗೆ ದಾಟಿಸಿದ್ದರೆ ಇನ್ನೂ ಒಳ್ಳೆಯದು. ಎರಡನೆಯ, ಮೂರನೆಯ ಸಾಲುಗಳಲ್ಲಿ ಬೀಟ್‌ಗಳ ನಡುವಿನ ಖಾಲಿ ಜಾಗದಲ್ಲಿ ಕುಟುಕುವ ಚಿಕ್ಕ ಸ್ವರಗಳಿವೆಯೇ ನೋಡಿ. ಡ್ರಮ್ಮಿನ ಕೆಲಸ ಮಾಡುವುದು ಅವು.

ಬೇಸ್ ಕ್ಲಾರಿನೆಟ್ ವಿಷಯಕ್ಕೆ ಬರೋಣ. ಒಂದು ಕಾರ್ಯಕ್ರಮಕ್ಕಾಗಿ ಕೊಳ್ಳಬೇಡಿ. ಆದರೆ ಅದಿಲ್ಲದೆ ಏನು ಕಳೆದುಕೊಳ್ಳುತ್ತೀರಿ ಎಂಬುದು ತಿಳಿದಿರಲಿ. ಬರೆದುದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ಕೇಳಿಸುವ ಬಿ-ಫ್ಲ್ಯಾಟ್ ಕ್ಲಾರಿನೆಟ್‌ನ ಅತ್ಯಂತ ಕೆಳಗಿನ ಸ್ವರ ಬರೆಯುವಾಗ ‘ಈ’, ಪಿಯಾನೊದಲ್ಲಿ ಅದು ಮಧ್ಯದ ‘ಸಿ’ಗಿಂತ ಕೆಳಗಿನ ‘ಡಿ’. ಬೇಸ್ ಕ್ಲಾರಿನೆಟ್ ಸಾಮಾನ್ಯವಾಗಿ ಅದಕ್ಕಿಂತ ಒಂದು ಸ್ಥಾಯಿ ಮತ್ತು ಅರ್ಧ ಸ್ವರ ಕೆಳಗಿಳಿಯುತ್ತದೆ. ಅದಿಲ್ಲದಾಗ ನಾಲ್ಕೂ ದನಿ ಇಕ್ಕಟ್ಟಾದ ಜಾಗದಲ್ಲಿ ಒತ್ತಿಕೊಂಡು ಕೂರಬೇಕಾಗುತ್ತದೆ. ಆಗ ಕೆಳಗಿನ ಎರಡು ದನಿಗಳ ನಡುವೆ ಗಾಂಧಾರದಷ್ಟೇ ಅಂತರವಿದ್ದರೆ ಕಾರ್ಡು ಮುದ್ದೆಯಾಗಿ ಕೇಳಿಸುತ್ತದೆ. ಪಂಚಮದಷ್ಟಾದರೂ ಅಂತರ ಬಿಟ್ಟಿದ್ದರೆ ತಿಳಿಯಾಗುತ್ತದೆ. ‘ನಾಲ್ಕು ಸಮಾನ ಕ್ಲಾರಿನೆಟ್‌ಗಳಿಗಾಗಿ’ ಎಂದೇ ಬರೆದದ್ದನ್ನು ಹುಡುಕಿ. ‘ಬೇಸ್ ಇಲ್ಲದಿದ್ದರೆ ಇದನ್ನು ನುಡಿಸಿ’ ಎಂದು ಕೊಡುವ ಬದಲಿ ನಾಲ್ಕನೇ ಪಾರ್ಟ್ ಬಹಳ ಸಲ ಕಾಟಾಚಾರಕ್ಕೆ ಸೇರಿಸಿದ್ದು. ಒಂದು ಸ್ಥಾಯಿ ಮೇಲೆತ್ತಿ ಮೂರನೆಯವರ ಮೇಲೆ ಹೇರಿರುತ್ತಾರೆ, ಅಷ್ಟೇ.

ನಮ್ಮ ಊರಲ್ಲಿ ಇನ್ನೊಂದು ದಾರಿಯಿದೆ. ಟೆನರ್ ಸ್ಯಾಕ್ಸೋಫೋನ್ ಕೂಡ ಬಿ-ಫ್ಲ್ಯಾಟ್ ವಾದ್ಯ. ಟ್ರೆಬಲ್ ಕ್ಲೆಫ್‌ನಲ್ಲಿ (ನೀವು ದಿನವೂ ಓದುವ ಮೇಲುದನಿಯ ಗುರುತಿನಲ್ಲಿ) ಬರೆದ ಬೇಸ್ ಕ್ಲಾರಿನೆಟ್ ಪಾರ್ಟನ್ನು ಅದರ ಮುಂದಿಟ್ಟರೆ ಒಂದಕ್ಷರ ಬದಲಿಸದೆ ಸರಿಯಾದ ಸ್ಥಾಯಿಯಲ್ಲೇ ಕೇಳಿಸುತ್ತದೆ. ಎರಡೂ ಬರೆದುದಕ್ಕಿಂತ ಒಂದು ಸ್ಥಾಯಿ ಮತ್ತು ಒಂದು ಪೂರ್ಣ ಸ್ವರ ಕೆಳಗೆ ನುಡಿಯುವ ವಾದ್ಯಗಳು. ಸ್ಯಾಕ್ಸ್ ಬರೆದ ಬಿ-ಫ್ಲ್ಯಾಟ್‌ಗೇ ನಿಂತುಬಿಡುತ್ತದೆ, ಅದಕ್ಕಿಂತ ಕೆಳಗಿನ ಸ್ವರಗಳನ್ನು ಮಾತ್ರ ಪೆನ್ಸಿಲಿನಿಂದ ಒಂದು ಸ್ಥಾಯಿ ಮೇಲಕ್ಕೆ ಬರೆದುಕೊಳ್ಳಬೇಕು. ಕದ್ರಿ ಗೋಪಾಲನಾಥರ ಊರಿನಲ್ಲಿ ಸ್ಯಾಕ್ಸೋಫೋನಿಗೆ ಬರವೇ ಎಂದುಕೊಳ್ಳಬೇಡಿ. ಇಲ್ಲಿ ದೇವಸ್ಥಾನ, ಮದುವೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಆಲ್ಟೊ. ಅದು ಈ-ಫ್ಲ್ಯಾಟ್ ವಾದ್ಯ, ಈ ಲೆಕ್ಕಕ್ಕೆ ಬರುವುದಿಲ್ಲ. ಟೆನರನ್ನೇ ಕೇಳಿ ಹುಡುಕಬೇಕು.

ಅದೂ ಸಿಗದಿದ್ದರೆ ಚರ್ಚಿನ ಫೆಸ್ತಿಗೆ ಬರುವ ಬ್ರಾಸ್ ಬ್ಯಾಂಡಿನಲ್ಲಿ ಯೂಫೋನಿಯಂ ಎಂಬ ತಗ್ಗು ದನಿಯ ಹಿತ್ತಾಳೆ ವಾದ್ಯ ಊದುವವರನ್ನು ವಿಚಾರಿಸಿ. ಅವರು ಟ್ರೆಬಲ್ ಕ್ಲೆಫ್ ಓದುವವರಾದರೆ ಅವರಿಗೂ ಇದೇ ಪಾರ್ಟ್ ನೇರವಾಗಿ ಹೊಂದುತ್ತದೆ. ಮೂರು ವಾಲ್ವಿನ ಯೂಫೋನಿಯಂ ಬರೆದ ಎಫ್-ಶಾರ್ಪ್‌ವರೆಗೂ ಇಳಿಯುವುದರಿಂದ ಅದಕ್ಕೆ ದಕ್ಕದೇ ಹೋಗುವುದು ತಳದ ಮೂರೇ ಸ್ವರ. ಟೆನರ್‌ಗಿಂತ ಇದು ವಾಸಿ. ಸದ್ದಿನ ಭಯವಿದ್ದರೆ ಒಂದು ಹೆಜ್ಜೆ ಹಿಂದೆ ಕೂರಿಸಿ, ಅರ್ಧ ಉಸಿರಿನಲ್ಲಿ ಊದಲು ಹೇಳಿ. ಹೀಗೆ ಬೇಸ್ ಬೇರೆಯವರ ಪಾಲಾದರೆ ನಿಮ್ಮ ನಾಲ್ಕನೆಯವರು ಮೂರನೆಯ ಪಾರ್ಟನ್ನು ಹಿರಿಯರೊಂದಿಗೆ ಹಂಚಿಕೊಳ್ಳಬಹುದು, ಅಥವಾ ತುಣುಕಿಗೊಬ್ಬರಂತೆ ಸರದಿ ಮಾಡಿಕೊಳ್ಳಬಹುದು. ಕೊಳ್ಳುವ ಮೊದಲು ಒಂದನ್ನು ಖಚಿತಪಡಿಸಿಕೊಳ್ಳಿ: ಕೆಲವು ಪ್ರಕಾಶಕರು ಬೇಸ್ ಕ್ಲಾರಿನೆಟ್ ಪಾರ್ಟನ್ನು ಬೇಸ್ ಕ್ಲೆಫ್‌ನಲ್ಲಿ ಕೊಡುತ್ತಾರೆ. ಅದು ಬಂದರೆ ಈ ಉಪಾಯವೆಲ್ಲ ಅಲ್ಲಿಗೇ ನಿಂತಿತು.

ಇನ್ನು ಸ್ವಿಂಗ್. ಇದು ಅಚ್ಚಾಗುವ ಬಗೆಯೇ ಮೂರು. ಒಂದು: ಸಮವಾದ, ಅರ್ಧರ್ಧ ಎಣಿಕೆಯ ಕ್ವೇವರ್‌ಗಳನ್ನು ಬರೆದು, ಎರಡು ಕ್ವೇವರ್ ಸೇರಿದರೆ ಒಂದೆಣಿಕೆಗೆ ಮೂರು ಸ್ವರದ ಟ್ರಿಪ್ಲೆಟ್‌ನ ಉದ್ದ-ಗಿಡ್ಡ ಜೋಡಿ ಎಂದು ಆರಂಭದಲ್ಲೇ ಸೂಚಿಸುವುದು. ಎರಡು: ಎಲ್ಲವನ್ನೂ 12/8ರಲ್ಲಿ, ಅಂದರೆ ಎಣಿಕೆಗೆ ಮೂರು ಕ್ವೇವರ್ ಬರುವ ತಾಳದಲ್ಲಿ ಬರೆಯುವುದು. ಮೂರು: ಮುಕ್ಕಾಲು ಎಣಿಕೆಯ, ಚುಕ್ಕೆಯ ಕ್ವೇವರ್, ಅದರ ಬಾಲಕ್ಕೊಂದು ಕಾಲು ಎಣಿಕೆಯ ಸೆಮಿಕ್ವೇವರ್. ಹಳೆಯ ಅಚ್ಚುಗಳಲ್ಲಿ ಮೂರನೆಯದೇ ಹೆಚ್ಚು, ನಿಮ್ಮಂಥವರು ಎಡವುವುದೂ ಅಲ್ಲೇ. ಪರೀಕ್ಷೆಗೆ ಕಲಿತವರು ಅದನ್ನು ಬರೆದ ಹಾಗೆಯೇ ಮೂರಕ್ಕೊಂದರ ಲೆಕ್ಕದಲ್ಲಿ ನುಡಿಸುತ್ತಾರೆ, ಕುಂಟುವ ಕುದುರೆಯ ಹಾಗೆ ಕೇಳಿಸುತ್ತದೆ. ಬೇಕಾದದ್ದು ಸುಮಾರಾಗಿ ಎರಡಕ್ಕೊಂದರ ಲೆಕ್ಕ, ವೇಗ ಹೆಚ್ಚಿದಂತೆ ಅದೂ ಸಮಕ್ಕೆ ಹತ್ತಿರವಾಗುತ್ತದೆ. ಇಲ್ಲಿ ನಿಮ್ಮ ನಾಲ್ಕನೆಯವರನ್ನು ಗುರುವಾಗಿ ಕೂರಿಸಿ. ‘ತಕಿಟ ತಕಿಟ’ ಎಂದು ತಿಶ್ರ ನಡೆ ಹೇಳಿಸಿ, ಆಮೇಲೆ ನಡುವಿನ ‘ಕಿ’ಯನ್ನು ನುಂಗಿಸಿ: ತ-ಟ, ತ-ಟ. ಸ್ವಿಂಗ್ ಅಂದರೆ ಅದೇ. ಟ್ರಿನಿಟಿಯ ಐದು ಗ್ರೇಡ್ ನಿಮ್ಮಿಬ್ಬರಿಗೆ ಕೊಡದಿದ್ದುದನ್ನು ಅವರು ಹತ್ತು ನಿಮಿಷದಲ್ಲಿ ಕೊಟ್ಟಾರು. ಮೊದಲ ಬಗೆಯಲ್ಲಿ ಬರೆದದ್ದನ್ನು ಕೊಳ್ಳಿ, ಓದುವುದಕ್ಕೂ ಅದೇ ಸುಲಭ.

ಆದರೆ ಎಲ್ಲವನ್ನೂ ಸ್ವಿಂಗ್ ಮಾಡಬೇಡಿ. ರ‍್ಯಾಗ್‌ಟೈಮ್ ಜಾಝ್‌ಗೂ ಮೊದಲಿನ, ನಾಲ್ಕರ ಎಣಿಕೆಯ ಚತುರಶ್ರ ನಡೆಯ ಸಂಗೀತ, ಅದರ ಕಚಗುಳಿ ಇರುವುದು ಸಮವಾದ ಲಯದ ಮೇಲೆ ಬೀಳುವ ಅನಾಗತ ಒತ್ತಿನಲ್ಲಿ, ಅಂದರೆ ಎಣಿಕೆ ಬಿದ್ದ ಮೇಲೆ ಬರುವ ಒತ್ತಿನಲ್ಲಿ. ಅದರ ಹೆಸರಾಂತ ರಚನಕಾರ ಸ್ಕಾಟ್ ಜಾಪ್ಲಿನ್ ತಮ್ಮ ಹಲವು ಪ್ರಕಟಣೆಗಳಲ್ಲಿ ‘ಇದನ್ನು ವೇಗವಾಗಿ ನುಡಿಸಬೇಡಿ’ ಎಂದು ಅಚ್ಚು ಹಾಕಿಸಿದ್ದರು. ನೂರು ವರ್ಷ ದಾಟಿದರೂ ಆ ಮಾತನ್ನು ಕೇಳುವವರು ಕಡಿಮೆ.

‘ಆರಾಧನೆಯ ಗೀತೆಯ ಹಾಗೆ’ ಕೇಳಿಸಲು ಇನ್ನೊಂದು ಕಾರಣ ನಾಲಿಗೆ, ಸ್ವರವನ್ನು ಬಿಡಿಸಿ ಆರಂಭಿಸಲು ಅದು ರೀಡನ್ನು ತಾಕುವ ಬಗೆ. ನಿಮ್ಮ ಶೀಟ್ ತೆಗೆದು ಸ್ಲರ್ ಗೆರೆಗಳನ್ನು (ನಾಲಿಗೆ ತಾಕಿಸದೆ ಕೂಡಿಸಿ ನುಡಿಸಲು ಹೇಳುವ ಕಮಾನುಗಳನ್ನು) ನೋಡಿ. ಎರಡು ಮೂರು ಬಾರ್‌ಗಳನ್ನು ಒಂದೇ ಕಮಾನಿನಡಿ ಸೇರಿಸಿದ್ದರೆ, ಅಥವಾ ಯಾವ ಗುರುತೂ ಇಲ್ಲದಿದ್ದರೆ, ಬರೆದವರು ಜಾಝ್ ಕೇಳಿದವರಲ್ಲ ಎಂದು ತಿಳಿಯಿರಿ. ಸ್ವಿಂಗ್‌ನಲ್ಲಿ ನಾಲಿಗೆ ತಾಕುವುದು ಬೀಟಿನ ಮೇಲಲ್ಲ, ಬೀಟಿನ ಹಿಂದಿನ ಗಿಡ್ಡ ಸ್ವರದ ಮೇಲೆ. ಅಲ್ಲಿಂದ ಬೀಟಿನ ಮೇಲಿನ ಸ್ವರಕ್ಕೆ ಜಾರಬೇಕು. ಒಳ್ಳೆಯ ಪಾರ್ಟ್‌ನಲ್ಲಿ ಈ ಎರಡೆರಡರ ಚಿಕ್ಕ ಸ್ಲರ್‌ಗಳು ಬಾರ್ ಗೆರೆಯನ್ನು ದಾಟಿ ಕೂತಿರುವುದು ಕಣ್ಣಿಗೇ ಕಾಣುತ್ತದೆ. ಮನೆಯ ಮಾಡಿನ ಆಕಾರದ (^) ಒತ್ತುಗುರುತು ಕಂಡಲ್ಲಿ ಸ್ವರವನ್ನು ‘ದಾಟ್’ ಎಂದು ಬಾಗಿಲು ಹಾಕಿದ ಹಾಗೆ ಮುಗಿಸಬೇಕು. ಆವರಣದೊಳಗೆ ಬರೆದ ಸ್ವರವನ್ನು ಬೆರಳು ನುಡಿಸಬೇಕು, ಉಸಿರು ಮಾತ್ರ ಅರ್ಧ. ಇವೆಲ್ಲ ಅಚ್ಚಾಗಿರುವ ಶೀಟ್ ಕೊಂಡರೆ ನಿಮ್ಮ ಅರ್ಧ ಕೆಲಸ ಉಳಿಯುತ್ತದೆ.

ಎರಡನೆಯ, ಮೂರನೆಯ ಪಾರ್ಟ್‌ಗಳಲ್ಲಿ ಇನ್ನೊಂದನ್ನು ಪರೀಕ್ಷಿಸಿ. ಕ್ಲಾರಿನೆಟ್‌ನ ನಡುಭಾಗದಲ್ಲಿ ಬರೆದ ಜಿ, ಎ, ಬಿ-ಫ್ಲ್ಯಾಟ್ ಸ್ವರಗಳು ತೆಳು. ಅದರ ಮೇಲಿನ ‘ಬಿ’ಗೆ ಹೋಗಲು ಬಹುತೇಕ ಎಲ್ಲ ಬೆರಳೂ ಒಟ್ಟಿಗೆ ಬೀಳಬೇಕು. ಕಾರ್ಡಿನ ಮುಖ್ಯ ಸ್ವರಗಳನ್ನೆಲ್ಲ ಆ ತೆಳು ಜಾಗದಲ್ಲಿ ಇಟ್ಟಿದ್ದರೆ, ಅಥವಾ ವೇಗದ ಕ್ವೇವರ್‌ಗಳನ್ನು ಆ ಗಡಿಯ ಆಚೀಚೆ ಓಡಾಡಿಸಿದ್ದರೆ, ಬರೆದವರು ಕೀಬೋರ್ಡಿನ ಮುಂದೆ ಕೂತು ಬರೆದಿದ್ದಾರೆ ಎಂದರ್ಥ. ಬರೆದ ಸಿ, ಜಿ, ಎಫ್ ಮೇಜರ್‌ಗಳಲ್ಲಿರುವ ತುಣುಕುಗಳೇ ನಿಮಗೆ ಕ್ಷೇಮ. ಪಿಯಾನೊ ಲೆಕ್ಕದಲ್ಲಿ ಅವು ಬಿ-ಫ್ಲ್ಯಾಟ್, ಎಫ್, ಈ-ಫ್ಲ್ಯಾಟ್. ಶಾರ್ಪ್ ಹೆಚ್ಚಾದಷ್ಟೂ ನಿಮ್ಮ ಹಿರಿಯರಿಗೆ ಕಷ್ಟ: ಇಂದಿನ ಬೋಮ್ ಪದ್ಧತಿಯಲ್ಲಿ ಕಿರುಬೆರಳಿನ ಕೆಲವು ಕೀಗಳು ಎರಡೂ ಬದಿಗಿವೆ, ಆಲ್ಬರ್ಟ್‌ನಲ್ಲಿ ಆ ಅನುಕೂಲ ಕಡಿಮೆ, ಒಂದೇ ಬೆರಳು ಕೀಯಿಂದ ಕೀಗೆ ಜಾರಬೇಕು.

ಹಾಗೆಂದು ಅವರ ವಾದ್ಯವನ್ನು ಯಾರೂ ಹಗುರವಾಗಿ ಕಾಣದಿರಲಿ. ಜಾಝ್‌ನ ತವರಾದ ನ್ಯೂ ಆರ್ಲಿಯನ್ಸ್‌ನ ಜಾನಿ ಡಾಡ್ಸ್, ಜಿಮ್ಮಿ ನೂನ್, ಬಾರ್ನಿ ಬಿಗಾರ್ಡ್ ನುಡಿಸಿದ್ದು ಆಲ್ಬರ್ಟ್ ಪದ್ಧತಿಯ ಕ್ಲಾರಿನೆಟ್‌ಗಳನ್ನೇ. ಮೂವತ್ತು ವರ್ಷ ಮದುವೆ ದಿಬ್ಬಣದ ಮುಂದೆ, ಬಿಸಿಲಿನಲ್ಲಿ, ಡ್ರಮ್ಮಿನ ಸದ್ದಿನ ಮೇಲೆ ತೇಲುವಂತೆ ಊದಿದವರಿಗೆ ನ್ಯೂ ಆರ್ಲಿಯನ್ಸ್ ಬೀದಿಯ ಸಂಗೀತ ಅಪರಿಚಿತವಾಗುವುದಿಲ್ಲ. ಒಂದು ತುಣುಕಿನಲ್ಲಾದರೂ ಮೊದಲ ಪಾರ್ಟನ್ನು ಅವರಿಗೆ ಕೊಡಿ, ಸ್ವರವನ್ನು ಕೆಳಗಿನಿಂದ ಎತ್ತಿ ಹಿಡಿಯುವ ಅವರ ಬ್ಯಾಂಡಿನ ಚಾಳಿಯನ್ನು ತಿದ್ದಲು ಹೋಗಬೇಡಿ.

ಮನೋಧರ್ಮಕ್ಕೆ (ಆ ಕ್ಷಣದ ಸ್ವಂತ ಕಲ್ಪನೆಯ ನುಡಿಕೆಗೆ) ಜಾಗವಿರಬೇಕೇ ಎಂದು ನೀವು ಕೇಳಿಲ್ಲ, ಆದರೆ ನಾಲ್ಕನೆಯವರ ದೃಷ್ಟಿಯಿಂದ ಹೇಳುತ್ತೇನೆ. ಕೆಲವು ಶೀಟ್‌ಗಳಲ್ಲಿ ಸೋಲೊ ಜಾಗಕ್ಕೆ ಬರೆದ ಸ್ವರ ಮತ್ತು ಮೇಲೆ ಕಾರ್ಡಿನ ಹೆಸರು ಎರಡೂ ಇರುತ್ತವೆ. ಅಂಥದ್ದನ್ನು ಆರಿಸಿ. ಕಾರ್ಡಿನ ಹೆಸರು ಕ್ಲಾರಿನೆಟ್ ಲೆಕ್ಕದಲ್ಲಿದೆಯೋ ಪಿಯಾನೊ ಲೆಕ್ಕದಲ್ಲಿದೆಯೋ ನೋಡಿಕೊಳ್ಳಿ. ಹನ್ನೆರಡು ಬಾರ್‌ಗಳ ಸುತ್ತಿನಲ್ಲಿ ತಿರುಗುವ ಬ್ಲೂಸ್ ಹಾಡಾದರೆ ಶುದ್ಧ ಧನ್ಯಾಸಿ ರಾಗದ ಸ್ವರಗಳು, ಅಂದರೆ ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ, ಕೈಶಿಕಿ ನಿಷಾದ, ಅದರ ಮೇಲೆ ಉದ್ದಕ್ಕೂ ಹೊಂದಿಕೊಂಡು ಹೋಗುತ್ತವೆ. ನಡುವೆ ಪ್ರತಿ ಮಧ್ಯಮವನ್ನು ತಾಕಿ ಬಿಟ್ಟರೆ ಬ್ಲೂಸ್‌ನ ಬಣ್ಣ ಬರುತ್ತದೆ. ಗಾಂಧಾರವನ್ನು ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ನಿಲ್ಲಿಸಿದರೆ ಅದೇ ಬ್ಲೂ ನೋಟ್. ಗಮಕವನ್ನು ಮಾತ್ರ ಅವರು ಅರ್ಧಕ್ಕಿಂತ ಕಡಿಮೆ ಮಾಡಬೇಕು, ಇಲ್ಲವಾದರೆ ಕೇಳುವವರು ರಾಗ ಹುಡುಕಲು ಹೊರಡುತ್ತಾರೆ. ಕದ್ರಿ ಗೋಪಾಲನಾಥರು ಜಾಝ್ ಸ್ಯಾಕ್ಸ್ ವಾದಕ ರುದ್ರೇಶ್ ಮಹಂತಪ್ಪ ಅವರೊಂದಿಗೆ ಮಾಡಿದ ‘ಕಿನ್ಸ್‌ಮೆನ್’ ಆಲ್ಬಂ 2008ರಲ್ಲಿ ಬಂತು. ಇಬ್ಬರೂ ತಮ್ಮ ತಮ್ಮ ಭಾಷೆ ಬಿಡದೆ ಹೇಗೆ ಮಾತಾಡಿಕೊಳ್ಳುತ್ತಾರೆ ಎಂಬುದಕ್ಕೆ ನಿಮ್ಮ ನಾಲ್ಕನೆಯವರು ಅದನ್ನು ಕೇಳಲಿ.

ನಾಲ್ವರೂ ಕೂತು ಕೇಳಬೇಕಾದದ್ದು ‘ಕ್ಲಾರಿನೆಟ್ ಸಮಿಟ್’ ಎಂಬ ತಂಡವನ್ನು. ಜಾನ್ ಕಾರ್ಟರ್, ಆಲ್ವಿನ್ ಬಟಿಸ್ಟ್, ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನ ಜಿಮ್ಮಿ ಹ್ಯಾಮಿಲ್ಟನ್, ಜೊತೆಗೆ ಬೇಸ್ ಕ್ಲಾರಿನೆಟ್‌ನಲ್ಲಿ ಡೇವಿಡ್ ಮರ‍್ರೆ. 1980ರ ದಶಕದ ತಂಡ, ಡ್ರಮ್ ಇಲ್ಲ, ಪಿಯಾನೊ ಇಲ್ಲ. ಕೆಲವು ಕಡೆ ಕಿವಿಗೆ ಒರಟು, ನಿಮ್ಮ ಚರ್ಚಿನ ಸಭಿಕರಿಗೆ ಖಂಡಿತ ಬೇಡ. ಆದರೆ ಮರ‍್ರೆ ಒಬ್ಬರೇ ತಳದಲ್ಲಿ ಕೂತು ಇಡೀ ತಂಡವನ್ನು ಹೇಗೆ ನಡೆಸುತ್ತಾರೆ ಕೇಳಿ.

ಇಪ್ಪತ್ತು ನಿಮಿಷಕ್ಕೆ ಐದು ತುಣುಕು ಸಾಕು, ಆರು ಬೇಡ. ಜಾಪ್ಲಿನ್‌ನ ಒಂದು ರ‍್ಯಾಗ್‌ನಿಂದ ಆರಂಭಿಸಿ: 1902ರ ‘ದಿ ಎಂಟರ್‌ಟೇನರ್’ ಸುಲಭ, ಸಭಿಕರಿಗೂ ಪರಿಚಿತ, 1899ರ ‘ಮೇಪಲ್ ಲೀಫ್ ರ‍್ಯಾಗ್’ಗೆ ಬೆರಳು ಚುರುಕಿರಬೇಕು. ಎರಡನೆಯದಾಗಿ ಡೆಬುಸ್ಸಿಯ ‘ಗಾಲಿವಾಗ್ಸ್ ಕೇಕ್‌ವಾಕ್’. 1908ರ ಪಿಯಾನೊ ಗುಚ್ಛದ ಕೊನೆಯ ತುಣುಕು. ಮೂಲದಲ್ಲೇ ಈ-ಫ್ಲ್ಯಾಟ್ ಮೇಜರ್ ಆದ್ದರಿಂದ ನಿಮಗೆ ಬರೆದ ಎಫ್‌ನಲ್ಲಿ ಕೂರುತ್ತದೆ. ನಡುವಿನ ನಿಧಾನದ ಭಾಗದಲ್ಲಿ ನಗೆಚಾಟಿಕೆಯೂ ಇದೆ. ಅಳವಡಿಕೆಗಳು ಹಲವಿವೆ, ಅಂಗೈ ಪರೀಕ್ಷೆ ಮಾಡಿ ಒಂದನ್ನು ಆರಿಸಿ. ಮೂರನೆಯದು ಡಬ್ಲ್ಯು. ಸಿ. ಹ್ಯಾಂಡಿಯ 1914ರ ‘ಸೇಂಟ್ ಲೂಯಿಸ್ ಬ್ಲೂಸ್’. ಬ್ಲೂಸ್ ನಡುವೆ ಮೈನರ್‌ಗೆ ತಿರುಗಿ ಹಬನೇರಾ ಎಂಬ ಕ್ಯೂಬಾ ನೃತ್ಯದ ಲಯ ಹಿಡಿಯುವ ಭಾಗವೊಂದಿದೆ, ಕೆಳಸಾಲಿನವರಿಗೆ ಅಲ್ಲಿ ಹಬ್ಬ. ನಾಲ್ಕನೆಯವರ ಸೋಲೊ ಇದರಲ್ಲೇ ಬರಲಿ. ನಾಲ್ಕನೆಯದು ‘ಜಸ್ಟ್ ಎ ಕ್ಲೋಸರ್ ವಾಕ್ ವಿತ್ ದೀ’. ನ್ಯೂ ಆರ್ಲಿಯನ್ಸ್‌ನಲ್ಲಿ ಶವಯಾತ್ರೆ ಹೋಗುವಾಗ ನಿಧಾನವಾಗಿ ನುಡಿಸುವ ಪ್ರಾರ್ಥನಾ ಗೀತೆ. ಮೊದಲ ಸುತ್ತು ನಿಧಾನ, ಎರಡನೆಯದು ದುಪ್ಪಟ್ಟು ವೇಗದ ಸ್ವಿಂಗ್ ಎಂದು ಬರೆದ ಅಳವಡಿಕೆ ಸಿಕ್ಕರೆ ಬಿಡಬೇಡಿ. ಹಿರಿಯರಿಗೆ ಮೊದಲ ಪಾರ್ಟ್ ಇಲ್ಲಿ. ಕೊನೆಗೆ ಡಿಸೆಂಬರ್ ಆದ್ದರಿಂದ ಯಾವುದಾದರೂ ಹಳೆಯ ಕ್ಯಾರೋಲ್‌ನ ಸ್ವಿಂಗ್ ರೂಪ. ಗರ್ಶ್ವಿನ್‌ನ ‘ರ‍್ಯಾಪ್ಸೊಡಿ ಇನ್ ಬ್ಲೂ’ಗೆ ಮಾತ್ರ ಕೈ ಹಾಕಬೇಡಿ. ಕ್ಲಾರಿನೆಟ್ ಎಂದರೆ ಎಲ್ಲರಿಗೂ ಅದರ ಆರಂಭದ ಜಾರುವ ಸ್ವರವೇ ನೆನಪು. ಅದು ಜಾರದೆ ಜಗ್ಗಿದರೆ ಸಭೆಯ ನೆನಪಿನಲ್ಲಿ ಉಳಿಯುವುದೂ ಅದೊಂದೇ.

ಹಕ್ಕಿನ ವಿಷಯ ಚಿಕ್ಕದಾಗಿ. ನಮ್ಮ ಕಾನೂನಿನಲ್ಲಿ ರಚನಕಾರರು ತೀರಿಕೊಂಡ ಮೇಲೆ ಅರುವತ್ತು ವರ್ಷ ಕೃತಿಸ್ವಾಮ್ಯ ಇರುತ್ತದೆ. ಜಾಪ್ಲಿನ್ ತೀರಿದ್ದು 1917ರಲ್ಲಿ, ಡೆಬುಸ್ಸಿ 1918ರಲ್ಲಿ, ಹ್ಯಾಂಡಿ 1958ರಲ್ಲಿ. ಈ ಮೂವರ ಸಂಗೀತವನ್ನು ನೀವೇ ಅಳವಡಿಸಿಕೊಳ್ಳಬಹುದು. ಎಲಿಂಗ್ಟನ್ ತೀರಿದ್ದು 1974ರಲ್ಲಿ, ಅಲ್ಲಿ ಹಾಗಿಲ್ಲ. ಹಳೆಯ ರಚನೆಯಾದರೂ ಇಂದಿನವರು ಮಾಡಿದ ಅಳವಡಿಕೆಗೆ ಪ್ರತ್ಯೇಕ ಹಕ್ಕಿದೆ, ಒಂದು ಕಟ್ಟು ಕೊಂಡು ನಾಲ್ಕು ತಂಡಕ್ಕೆ ಜೆರಾಕ್ಸ್ ಹಂಚಬಾರದು. ಹವ್ಯಾಸಿ ಸಂಘ ಟಿಕೆಟ್ ಇಲ್ಲದ ಸಭೆಗೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ನುಡಿಸಲು ಕಾನೂನಿನಲ್ಲಿ ವಿನಾಯಿತಿ ಇದೆ. ಆದರೆ ಅದು ನುಡಿಸುವುದಕ್ಕೆ ಮಾತ್ರ.

ಗ್ರೇಡ್ ಸಂಖ್ಯೆ ನೋಡಿ ಮೋಸಹೋಗಬೇಡಿ. ಬ್ರಿಟಿಷ್ ಪರೀಕ್ಷೆಗಳದು ಎಂಟು ಮೆಟ್ಟಿಲು, ಅಮೆರಿಕದ ಪ್ರಕಾಶಕರು ಸಾಮಾನ್ಯವಾಗಿ ಆರರ ಲೆಕ್ಕ ಇಡುತ್ತಾರೆ. ಅವರ ನಾಲ್ಕು ನಿಮ್ಮ ಐದಕ್ಕಿಂತ ಕಠಿಣವಿರಬಹುದು. ಅಮೆರಿಕದ ಪಾರ್ಟ್‌ಗಳು ಬಹಳ ಸಲ ನಮ್ಮ ಎ4ಗಿಂತ ದೊಡ್ಡ ಹಾಳೆಗೆ ಮಾಡಿದವು, ಎ4ರಲ್ಲಿ ಮುದ್ರಿಸಿದರೆ ಅಕ್ಷರ ಕಿರಿದಾಗುತ್ತದೆ. ಹಿರಿಯರ ಕನ್ನಡಕದ ನೆನಪಿರಲಿ, ಅವರ ಪಾರ್ಟನ್ನು ಎ3ಗೆ ಹಿಗ್ಗಿಸಿ. ಸಭಾಂಗಣದಲ್ಲಿ ಸೆಖೆ ಇದ್ದರೆ ನಾಲ್ವರ ಶ್ರುತಿಯೂ ಏರುತ್ತದೆ, ಮೆಲ್ಲಗೆ ಊದಿದಾಗ ಇನ್ನಷ್ಟು; ನಿಧಾನದ ತುಣುಕಿಗೆ ಮೊದಲು ಬ್ಯಾರಲನ್ನು (ಊದುವ ತುದಿಯ ಕೆಳಗಿನ ಗಿಡ್ಡ ತುಂಡು) ತುಸು ಹೊರಗೆಳೆದುಕೊಳ್ಳಿ. ಸೆಖೆಗೆ ಫ್ಯಾನ್ ಹಾಕುತ್ತಾರೆ, ಹಾಳೆ ಹಾರುತ್ತದೆ. ಬಟ್ಟೆಯ ಕ್ಲಿಪ್ ಒಬ್ಬೊಬ್ಬರಿಗೆ ನಾಲ್ಕು.

ಕೊಂಡಿರುವ ಕಟ್ಟನ್ನು ಎಸೆಯಬೇಡಿ. ಅದರಲ್ಲಿ ಇಂಥ ನಾಲ್ಕು ಬಾರ್ ಎಲ್ಲಾದರೂ ಇದ್ದೇ ಇರುತ್ತದೆ: ನಾಲ್ಕನೆಯವರಿಗೆ ಸಿ, ಎ, ಡಿ, ಜಿ ಎಂದು ಬಾರ್‌ಗೊಂದು ಉದ್ದ ಸ್ವರ, ಕಾರ್ಡುಗಳು ಸಿ, ಎ-ಸೆವೆನ್, ಡಿ ಮೈನರ್, ಜಿ-ಸೆವೆನ್. ಅದನ್ನು ಅಳಿಸಿ, ಕ್ರಾಚೆಟ್‌ಗಳಲ್ಲಿ ಹೀಗೆ ಬರೆಯಿರಿ. ಮೊದಲ ಬಾರ್: ಸಿ, ಅದರ ಕೆಳಗಿನ ಜಿ, ಇನ್ನೂ ಕೆಳಗಿನ ಈ, ಮತ್ತೆ ಜಿ-ಶಾರ್ಪ್. ಎರಡನೆಯದು: ಎ, ಸಿ-ಶಾರ್ಪ್, ಈ, ಈ-ಫ್ಲ್ಯಾಟ್. ಮೂರನೆಯದು: ಡಿ, ಕೆಳಗಿನ ಎ, ಎಫ್, ಎಫ್-ಶಾರ್ಪ್. ನಾಲ್ಕನೆಯದು: ಜಿ, ಬಿ, ಡಿ, ಡಿ-ಫ್ಲ್ಯಾಟ್, ಅಲ್ಲಿಂದ ಮತ್ತೆ ಸಿ. ಪ್ರತಿ ಬಾರ್‌ನ ಮೊದಲ ಮೂರು ಕಾರ್ಡಿನದೇ ಸ್ವರಗಳು, ನಾಲ್ಕನೆಯದು ಮುಂದಿನ ಮನೆಯ ಹೊಸ್ತಿಲು: ಮುಂದೆ ಬರುವ ಸ್ವರಕ್ಕೆ ಅರ್ಧ ಸ್ವರ ಆಚೆ ಅಥವಾ ಈಚೆ. ಎಲ್ಲವೂ ವಾದ್ಯದ ಕೆಳಭಾಗದಲ್ಲೇ, ಅದರ ಕಟ್ಟಕಡೆಯ ‘ಈ’ಯವರೆಗೆ ಮಾತ್ರ ಹೋಗುತ್ತದೆ, ಆದ್ದರಿಂದ ಸಾಮಾನ್ಯ ಕ್ಲಾರಿನೆಟ್‌ಗೂ ದಕ್ಕುತ್ತದೆ. ಓದಲು ನಿಧಾನವಾದರೆ ಅವರು ಕೆಳಗೆ ಸರಿಗಮ ಬರೆದುಕೊಳ್ಳಲಿ. ಮುಂದಿನ ಅಭ್ಯಾಸದ ದಿನ ಮೇಲಿನ ಮೂವರೂ ಹಳೆಯದನ್ನೇ ನುಡಿಸಿ, ಅವರು ಇದನ್ನು ನುಡಿಸಲಿ. ಚಹಾ ಆಮೇಲೆ.